ಮೂರು ತಿಂಗಳ ಮನುಷ್ಯನಿಗೆ ಯಾವೂರು?

ಬೇರೆ ಗ್ರಹದ ಕಾಲಯಾತ್ರಿಯೊಬ್ಬ ಮನುಷ್ಯನ ಸೋಗಿನಲ್ಲಿ ಒಂದಷ್ಟು ದಿನ ನಮ್ಮ ನಡುವೆ ಇದ್ದು ಹೋಗುವ ಕಥೆಗಳನ್ನು ಓದುವಾಗ ಒಂದು ವಿಷಯ ಬಿಡದೆ ಕಾಡುತ್ತದೆ. ಆತ ಸಿಕ್ಕಿಬೀಳುವುದು ಹೆಚ್ಚುಕಡಿಮೆ ಯಾವಾಗಲೂ ಮೈಯಿಂದಲೇ. ರಕ್ತ ನೀಲಿಯಾಗಿರುತ್ತದೆ, ಎದೆಯಲ್ಲಿ ಎರಡು ಬಡಿತ ಕೇಳಿಸುತ್ತದೆ, ಕತ್ತಲಲ್ಲಿ ಕಣ್ಣು ಹೊಳೆಯುತ್ತದೆ. ನಮ್ಮ ಮೈಸೂರು ಸೀಮೆಯಲ್ಲಿ ಹೊಸಬನೊಬ್ಬನ ಬಣ್ಣ ಬಯಲಾಗಲು ಅಷ್ಟೆಲ್ಲ ಬೇಕಾಗಿಲ್ಲ. ಬಸ್ಸು ಮದ್ದೂರು ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿ ಕೇಳುವ ನಾಲ್ಕು ಪ್ರಶ್ನೆ ಸಾಕು. ಯಾವೂರಪ್ಪ? ಯಾರ ಪೈಕಿ? ಮನೆದೇವ್ರು ಯಾವ್ದು? ಅಕ್ಕತಂಗೀರ್ನ ಎಲ್ಲಿಗೆ ಕೊಟ್ಟಿದ್ದೀರಿ? ಇವಕ್ಕೆ ಉತ್ತರ ಗೊತ್ತಿದ್ದರಷ್ಟೇ ಸಾಲದು. ಉತ್ತರ ಕೊಟ್ಟ ತಕ್ಷಣ ಆಕೆ ಆ ಊರಿನ ಮೂರು ಮನೆ ಹೆಸರು ಹೇಳುತ್ತಾಳೆ. ಅವರು ಗೊತ್ತೆಂದರೂ ಕಷ್ಟ, ಗೊತ್ತಿಲ್ಲವೆಂದರೂ ಕಷ್ಟ.

ಹಾಗಾಗಿ ಇಂಥ ಕಥೆಯನ್ನು ಮೈಸೂರಿನಲ್ಲೋ ಮಂಡ್ಯದಲ್ಲೋ ಕೂರಿಸಬೇಕೆಂದರೆ ಲೆಕ್ಕವನ್ನು ಬೇರೆ ಕಡೆಯಿಂದ ಶುರುಮಾಡಬೇಕು. ವೇಷ ಹೇಗೆ ಹಾಕಿದ ಅನ್ನುವುದಕ್ಕಿಂತ ಮೂಲದ ತನ್ನತನವನ್ನು ಎಲ್ಲಿ ಇಟ್ಟು ಬಂದ, ಅದನ್ನು ಯಾರು ಕಾಯುತ್ತಿದ್ದಾರೆ, ವೇಷದಲ್ಲಿದ್ದಾಗ ಬೆಳೆದ ಸಂಬಂಧಗಳಿಗೆ ಕೊನೆಗೆ ಯಾರು ಹೊಣೆ ಅನ್ನುವುದೇ ಕಥೆಯ ಜೀವ. ಇದಕ್ಕೆ ನನಗೆ ತಿಳಿದ ಎರಡು ದೊಡ್ಡ ಮಾದರಿಗಳಿವೆ. ಒಂದು ನಮ್ಮ ವಿರಾಟಪರ್ವ. ಇನ್ನೊಂದು ಬಿಬಿಸಿಯ ಡಾಕ್ಟರ್ ಹೂ ಸರಣಿಯಲ್ಲಿ 2007ರ ಮೇ 26 ಮತ್ತು ಜೂನ್ 2ರಂದು ಪ್ರಸಾರವಾದ ಜೋಡಿ ಕಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಷ್ಟೂ ನಮ್ಮ ನೆಲದ ಕಥೆಗೆ ಬೇಕಾದ ಸಾಮಾನು ಸಿಗುತ್ತದೆ.

ಮೈ ಲೆಕ್ಕ, ಬೇಗನೆ

ಮೈಯ ವಿಷಯ ಮೊದಲು ಮುಗಿಸಿಬಿಡೋಣ. ರೂಪಾಂತರದ ಯಂತ್ರವನ್ನು ಒಮ್ಮೆ ಒಪ್ಪಿದ ಮೇಲೆ ಅದು ಒಂದೊಂದು ಜೀವಕೋಶವನ್ನೂ ಬದಲಿಸುತ್ತದೆ ಎಂದುಬಿಡುವುದೇ ಕ್ಷೇಮ. ಮೇಲೆ ಬರೀ ಚರ್ಮ ಹೊದಿಸಿದರೆ ತಾಪತ್ರಯ ಶುರು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಕೈಯುಗುರು ಸುಮಾರು 3 ಮಿಲಿಮೀಟರ್ ಬೆಳೆಯಲೇಬೇಕು. ಇಲ್ಲದಿದ್ದರೆ ಡಾಕ್ಟರಿಗಿಂತ ಮೊದಲು ಕ್ಷೌರದಂಗಡಿಯವನಿಗೆ ಗೊತ್ತಾಗುತ್ತದೆ. ನಿದ್ದೆ ಇನ್ನೂ ದೊಡ್ಡ ತೊಡಕು. ಮನುಷ್ಯನ ಒಳಗಡಿಯಾರ 24 ಗಂಟೆಗಿಂತ ತುಸುವೇ ಉದ್ದ, ದಿನಾ ಬೆಳಗಿನ ಬೆಳಕು ಅದನ್ನು ಸರಿಪಡಿಸುತ್ತದೆ. 26 ಗಂಟೆಯ ಹಗಲಿರುಳಿಗೆ ಒಗ್ಗಿದ ಜೀವ ದಿನಕ್ಕೆ ಎರಡು ಗಂಟೆ ಹಿಂದೆ ಬೀಳುತ್ತದೆ. ಆರನೇ ದಿನಕ್ಕೆ ನಡುರಾತ್ರಿ ಕಣ್ಣು ಬಿಟ್ಟುಕೊಂಡಿರುತ್ತದೆ, ಹನ್ನೆರಡನೇ ದಿನಕ್ಕೆ ಮತ್ತೆ ಸರಿಹೋದಂತೆ ಕಾಣುತ್ತದೆ. ರಾತ್ರಿಯೆಲ್ಲ ಉರಿಯುವ ದೀಪ ವಠಾರದವರ ಕಣ್ಣಿಗೆ ಬೀಳದೆ ಇರುವುದಿಲ್ಲ. ಮಂಗಳ ನೌಕೆಗಳನ್ನು ನಡೆಸುವವರು ಅಲ್ಲಿನ 24 ಗಂಟೆ 39 ನಿಮಿಷದ ದಿನಕ್ಕೆ ಹೊಂದಿಕೊಂಡು ಪಾಳಿ ಮಾಡುವಾಗಲೇ ಸುಸ್ತಾಗುತ್ತಾರೆ.

ಕಾಲಯಂತ್ರದ ಗುರಿ ಬಗ್ಗೆಯೂ ಒಂದು ಮಾತು. ಮೈಸೂರಿನ ಅಕ್ಷಾಂಶದಲ್ಲಿ ನೆಲ ಸೆಕೆಂಡಿಗೆ ಸುಮಾರು 454 ಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುತ್ತದೆ. ಅರಮನೆ ಅಂಗಳಕ್ಕೆ ಗುರಿಯಿಟ್ಟವನ ಲೆಕ್ಕ ಒಂದೇ ಸೆಕೆಂಡು ತಪ್ಪಿದರೂ ಅರ್ಧ ಕಿಲೋಮೀಟರ್ ಆಚೆ ಬೀಳುತ್ತಾನೆ. ಭೂಮಿ ಸೂರ್ಯನನ್ನು ಸುತ್ತುವ ವೇಗ ಸೆಕೆಂಡಿಗೆ 30 ಕಿಲೋಮೀಟರ್. ಒಂದು ಗಂಟೆ ಹಿಂದೆ ಜಿಗಿದವನಿಗೆ ಕಾಲಿಡಲು ನೆಲ ಸಿಗಬೇಕಾದರೆ ಯಂತ್ರವನ್ನು ಭೂಮಿಗೇ ಕಟ್ಟಿಹಾಕಿರಬೇಕು. ಇಷ್ಟನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರೆ ಓದುಗರು ಕ್ಷಮಿಸುತ್ತಾರೆ. ಆದರೆ ನೆತ್ತಿಯ ಸೂರ್ಯನನ್ನು ನೋಡಿ ಗಡಿಯಾರ ಹೊಂದಿಸಿಕೊಂಡ ಕಾಲಯಾತ್ರಿಯನ್ನು ಕ್ಷಮಿಸುವುದು ಕಷ್ಟ. ಭಾರತದ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶಕ್ಕೆ, ಮೈಸೂರು ಇರುವುದು 76.65ರ ಹತ್ತಿರ. ಸರಾಸರಿ ನೋಡಿದರೆ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆ 23 ನಿಮಿಷಕ್ಕೆ. ಅವನ ರೈಲು ತಪ್ಪುವುದು ಹೀಗೆ.

ಎಲ್ಲಿ ಆಡಿದೆ, ಎಲ್ಲಿ ಅವಿತುಕೊಂಡೆ

ಈಗ ಆ ಜೋಡಿ ಕಂತಿಗೆ ಬರೋಣ. ಡಾಕ್ಟರ್ ಎಂದೇ ಹೆಸರಾದ ಅನ್ಯಗ್ರಹದ ಕಾಲಯಾತ್ರಿಯ ಆಯುಸ್ಸನ್ನು ಕದಿಯಲು ಒಂದು ಬೇಟೆಗಾರ ಕುಟುಂಬ ಬೆನ್ನುಹತ್ತಿದೆ. ಅವರ ಸ್ವಂತ ಆಯುಸ್ಸು ಮೂರೇ ತಿಂಗಳು. ಅಷ್ಟು ದಿನ ತಲೆಮರೆಸಿಕೊಂಡರೆ ಅವರು ತಾವಾಗಿಯೇ ಸಾಯುತ್ತಾರೆ. ಹಾಗಾಗಿ ಆತ ತನ್ನ ದೇಹವನ್ನು ಪೂರ್ತಿ ಮನುಷ್ಯನದಾಗಿಸಿಕೊಂಡು, ನೆನಪು ಮತ್ತು ನಿಜಸ್ವರೂಪವನ್ನು ಒಂದು ಜೇಬುಗಡಿಯಾರದಲ್ಲಿ ತುಂಬಿಟ್ಟು, 1913ರ ಇಂಗ್ಲೆಂಡಿನ ಹುಡುಗರ ಶಾಲೆಯೊಂದರಲ್ಲಿ ಜಾನ್ ಸ್ಮಿತ್ ಎಂಬ ಮೇಷ್ಟ್ರಾಗುತ್ತಾನೆ. ಸುಳ್ಳು ಜೀವನಚರಿತ್ರೆಯನ್ನು ಹೆಣೆದುಕೊಡುವುದು ಅವನ ನೌಕೆ. ಆದರೆ ಜಾನ್ ಸ್ಮಿತ್‌ಗೆ ಅದು ಸುಳ್ಳೆಂದು ಗೊತ್ತಿಲ್ಲ. ತಾನು ನಾಟಿಂಗ್‌ಹ್ಯಾಮಿನವನು, ಅಪ್ಪ ಗಡಿಯಾರ ರಿಪೇರಿಯವನು, ಅಮ್ಮ ದಾದಿ ಎಂದು ಮನಸಾರೆ ನಂಬಿದ್ದಾನೆ. ಶಾಲೆಯ ನರ್ಸ್, ವಿಧವೆ ಜೋನ್ ರೆಡ್‌ಫರ್ನ್ ಮೇಲೆ ಅವನಿಗೆ ಪ್ರೀತಿ ಹುಟ್ಟುತ್ತದೆ.

ಇಡೀ ಕಥೆಯಲ್ಲಿ ನನಗೆ ಮರೆಯಲಾಗದ ದೃಶ್ಯ ಒಂದೇ. ಅನುಮಾನ ಶುರುವಾದ ಮೇಲೆ ಜೋನ್ ಅವನ ಬಾಲ್ಯದ ಬಗ್ಗೆ ಕೇಳುತ್ತಾಳೆ. ಆತ ನಾಟಿಂಗ್‌ಹ್ಯಾಮ್ ಯಾವ ನದಿಯ ದಡದಲ್ಲಿದೆ, ಅದರ ಎಲ್ಲೆ ಎಲ್ಲಿಯವರೆಗೆ ಎಂದೆಲ್ಲ ಗಡಗಡ ಒಪ್ಪಿಸುತ್ತಾನೆ. ಆಕೆ ಸಿಟ್ಟಾಗುವುದಿಲ್ಲ, ಕೂಗಾಡುವುದಿಲ್ಲ. ಇದು ವಿಶ್ವಕೋಶದ ಮಾತು, ನೀನು ಆಡಿದ್ದು ಎಲ್ಲಿ, ಮಕ್ಕಳಿಗೆ ಮಾತ್ರ ಗೊತ್ತಿರುವ ಗುಟ್ಟಿನ ಜಾಗ ಯಾವುದು ಎಂದು ಕೇಳುತ್ತಾಳೆ. ಅವನ ಹತ್ತಿರ ಉತ್ತರವಿಲ್ಲ. ಯಂತ್ರ ಅವನಿಗೆ ಊರನ್ನು ಕೊಟ್ಟಿತ್ತು, ಊರಿನ ಸಂದಿಗೊಂದಿಯನ್ನು ಕೊಟ್ಟಿರಲಿಲ್ಲ.

ಇದರ ಪಕ್ಕಕ್ಕೆ ಉತ್ತರನ ಪ್ರಶ್ನೆಯನ್ನು ಇಡಿ. ಗೋಗ್ರಹಣದ ದಿನ ಬೃಹನ್ನಳೆ ತಾನೇ ಅರ್ಜುನ ಎಂದಾಗ ಉತ್ತರಕುಮಾರ ನಂಬುವುದಿಲ್ಲ. ಅರ್ಜುನನ ಹತ್ತು ಹೆಸರು ಹೇಳು, ಒಂದೊಂದೂ ಯಾಕೆ ಬಂತು ಹೇಳು ಅನ್ನುತ್ತಾನೆ. ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಹರಿಕಥೆ ಕೇಳಿದ ಯಾವ ಹುಡುಗನಾದರೂ ಒಪ್ಪಿಸಬಲ್ಲ ಪಟ್ಟಿ ಇದು. ಹೆಸರು ಕೇಳಿ ಗುರುತು ಹಿಡಿಯುವುದು ಆಸ್ಥಾನದ ಪರೀಕ್ಷೆ, ಆಡಿದ ಜಾಗ ಕೇಳಿ ಹಿಡಿಯುವುದು ಮನೆಯವರ ಪರೀಕ್ಷೆ. ವೇಷಧಾರಿಯ ಕಥೆ ಬರೆಯುವವರು ಎರಡನೆಯದಕ್ಕೇ ಸಿದ್ಧರಾಗಬೇಕು.

ಮಂಡ್ಯದ ಬಾಲ್ಯ ಕೊಡುವಾಗ

ನೌಕೆಯೊಂದು ಮಂಡ್ಯದ ಸುಳ್ಳು ಬಾಲ್ಯ ಹೆಣೆಯುತ್ತದೆ ಎಂದಿಟ್ಟುಕೊಳ್ಳಿ. ಪುಸ್ತಕ ನೋಡಿ ಹೆಣೆದರೆ ಏನು ಬರುತ್ತದೆ? ಕಬ್ಬಿನ ಗದ್ದೆ, ನಾಲೆಯಲ್ಲಿ ಈಜು, ಸಕ್ಕರೆ ಕಾರ್ಖಾನೆಯ ಸಿಳ್ಳು, ಆಲೆಮನೆ ಬೆಲ್ಲ. ಇಂದಿನ ಐವತ್ತು ವರ್ಷದವನಿಗೆ ಇದು ಸರಿಹೋಗುತ್ತದೆ. ಆದರೆ ಕಥೆ 1930ರದ್ದಾಗಿ, ಆತ 1905ರಲ್ಲಿ ಹುಟ್ಟಿದವನೆಂದು ಹೇಳಿಕೊಂಡರೆ ಹೆಚ್ಚುಕಡಿಮೆ ಎಲ್ಲವೂ ತಪ್ಪು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದರ ನಾಲೆ ನೀರು ಮಂಡ್ಯದ ಬಯಲಿಗೆ ಹರಿದದ್ದು 1930ರ ದಶಕದಲ್ಲಿ, ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ. ಅದಕ್ಕೆ ಮುಂಚಿನ ಮಂಡ್ಯದ ಹೆಚ್ಚಿನ ಭಾಗ ಮಳೆ ನಂಬಿದ ರಾಗಿ ಸೀಮೆ, ಜೊತೆಗೆ ಅಲ್ಲಲ್ಲಿ ಕೆರೆ ಬಯಲು. 1905ರ ಹುಡುಗ ಈಜಿದ್ದರೆ ಕೆರೆಯಲ್ಲಿ ಈಜಿರಬೇಕು, ಕದ್ದಿದ್ದರೆ ಅವರೆಕಾಯನ್ನೋ ಕಡಲೆ ಗಿಡವನ್ನೋ ಕದ್ದಿರಬೇಕು. ಮಂಡ್ಯ ಜಿಲ್ಲೆ ಎಂಬ ಮಾತೂ ಅವನ ಬಾಯಲ್ಲಿ ಬರಬಾರದು. 1939ರ ಜುಲೈ 1ರವರೆಗೆ ಅದೆಲ್ಲ ಮೈಸೂರು ಜಿಲ್ಲೆಯೇ. ತಿಳಿವಳಿಕೆಯೆಲ್ಲ ಸರಿ, ತಾರೀಕು ಮಾತ್ರ ತಪ್ಪು. ಕಾಲಯಾತ್ರಿ ಜಾರಿಬೀಳುವುದು ಹೆಚ್ಚಾಗಿ ಇಂಥಲ್ಲೇ, ಯಾಕೆಂದರೆ ಅವನಿಗೆ ಎಲ್ಲ ಕಾಲವೂ ಒಟ್ಟಿಗೆ ಗೊತ್ತು.

ಯಾರೂ ಹೋಗಿ ವಿಚಾರಿಸಲಾಗದ ಊರು ಬೇಕಾದರೆ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಿವೆ, ಹಳೇ ಕನ್ನಂಬಾಡಿಯೂ ಸೇರಿ. ಮೇಲ್ನೋಟಕ್ಕೆ ಇದಕ್ಕಿಂತ ಒಳ್ಳೆಯ ಸುಳ್ಳು ಹುಟ್ಟೂರು ಇಲ್ಲ. ಮನೆ ಇಲ್ಲ, ಬೀದಿ ಇಲ್ಲ, ಶಾನುಭೋಗರ ಲೆಕ್ಕದಲ್ಲಿದ್ದ ಹೊಲವೂ ಇಲ್ಲ. ಆದರೆ ಊರು ಮುಳುಗಿತೇ ಹೊರತು ಊರವರು ಮುಳುಗಲಿಲ್ಲ. ಎದ್ದು ಹೊಸ ಕನ್ನಂಬಾಡಿಗೋ ಇನ್ನೆಲ್ಲಿಗೋ ಹೋದವರು ಒಬ್ಬರನ್ನೊಬ್ಬರು ಗುರುತಿಟ್ಟುಕೊಂಡಿದ್ದಾರೆ. ನೆಲ ಕಳೆದುಕೊಂಡವರು ಯಾರ ಮನೆ ಯಾವ ದಿಕ್ಕಿಗಿತ್ತು ಎಂಬುದನ್ನು ಮೊಮ್ಮಕ್ಕಳಿಗೂ ಹೇಳಿಕೊಡುತ್ತಾರೆ. ಅಂಥವರ ಸಂಕಟವನ್ನು ಸುಳ್ಳು ಬಾಲ್ಯಕ್ಕೆ ಬಳಸಿಕೊಳ್ಳುವ ಪಾತ್ರ ಮಾಡುತ್ತಿರುವುದು ದೊಡ್ಡ ತಪ್ಪು ಎಂಬುದು ಕಥೆಯೊಳಗೆ ಯಾರಿಗಾದರೂ ತಿಳಿದಿರಬೇಕು.

ಇದಕ್ಕಿಂತ ಚಿಕ್ಕವು ಒಂದೆರಡು. ರಾಗಿಮುದ್ದೆಯನ್ನು ಅಗಿಯುವವನು ಹೊರಗಿನವನು. ಬೆರಳಲ್ಲಿ ತುಂಡು ಮುರಿದು, ಹೆಬ್ಬೆರಳಿಂದ ತುಸು ಒತ್ತಿ, ಬಸ್ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಕಿಸದೆ ನುಂಗಬೇಕು. ತುಂಡು ದೊಡ್ಡದಾದರೆ ಗಂಟಲಲ್ಲಿ ನಿಲ್ಲುತ್ತದೆ, ಸಾರು ಕಡಿಮೆಯಾದರೆ ಅಂಟುತ್ತದೆ. ಬಿಸಿ ಆರುವ ಮುಂಚೆ ಮುಗಿಸಬೇಕು. ಇದು ಓದಿ ಬರುವುದಿಲ್ಲ, ಚಿಕ್ಕಂದಿನಲ್ಲಿ ಅಮ್ಮ ನುಂಗಿಸಿರಬೇಕು. ಇನ್ನೊಂದು, ಮಳೆಗಾಲದಲ್ಲಿ ಮಂಡ್ಯದ ಯಾವ ಟೀ ಅಂಗಡಿಯಲ್ಲಾದರೂ ಕಟ್ಟೆ ಎಷ್ಟಾಯ್ತು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಉತ್ತರ ಅಡಿಯಲ್ಲಿ ಬರಬೇಕು. ತುಂಬುವ ಮಟ್ಟ 124.80 ಎಂಬುದು ಬಾಯಿಪಾಠ. ಮೀಟರಿನಲ್ಲಿ ಹೇಳಿದವನ ಕಡೆ ಅಂಗಡಿಯವರೆಲ್ಲ ತಿರುಗಿ ನೋಡುತ್ತಾರೆ.

ಹೆಸರೂ ಇಲ್ಲಿ ಸುಲಭವಲ್ಲ. ಜಾನ್ ಸ್ಮಿತ್ ಎಂದರೆ ಇಂಗ್ಲೆಂಡಿನಲ್ಲಿ ಯಾರೂ ಆಗಬಹುದು. ನಮ್ಮಲ್ಲಿ ಶಿವಣ್ಣ, ರಾಜು, ನಂಜುಂಡ ಎಂದು ಹತ್ತು ಕಡೆ ಹೊಂದುವ ಹೆಸರು ಇಟ್ಟರೂ ಮುಂದಿನ ಎರಡು ಅಕ್ಷರದಲ್ಲಿ ಊರೂ ಅಪ್ಪನೂ ಕೂತಿರುತ್ತಾರೆ. ಜಾತಿ ಬಿಟ್ಟುಕೊಡದ ಹೆಸರು ಹುಡುಕಿದಷ್ಟೂ ಕೇಳುವವರ ಕುತೂಹಲ ಹೆಚ್ಚುತ್ತದೆ.

ಇವತ್ತಿನ ಮೈಸೂರಾದರೆ

ಕಥೆ ಈ ಕಾಲದ್ದಾದರೆ ತೊಡಕು ಬೇರೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸದ ಶಾಯಿ ತಯಾರಾಗುವುದೇ ಮೈಸೂರಿನಲ್ಲಿ. ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ಪೂರೈಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟು ಚರ್ಮದ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಚರ್ಮದ ಮೇಲಿನದು ಕೆಲದಿನದಲ್ಲಿ ಹೋದರೂ ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸುವವರೆಗೆ ಉಳಿಯುತ್ತದೆ. ಬೆವರಿನಲ್ಲಿ ಉಪ್ಪಿಲ್ಲದ, ಉಗುರು ಬೆಳೆಯದ ಜೀವಕ್ಕೆ ಈ ಒಂದು ಹನಿ ಸಾಕು, ಮತಗಟ್ಟೆಯ ಬಾಗಿಲಲ್ಲೇ ಪ್ರಶ್ನೆ ಹುಟ್ಟುತ್ತದೆ. ನೀಲಿ ರಕ್ತಕ್ಕಿಂತ ಇದು ಎಷ್ಟೋ ಒಳ್ಳೆಯ ಪುರಾವೆ.

ಆಧಾರ್‌ನದು ಇನ್ನೊಂದು ಬಗೆ. ಹತ್ತು ಬೆರಳು, ಎರಡು ಪಾಪೆ, ಒಂದು ಮುಖ. ಹನ್ನೆರಡು ಅಂಕಿಯ ಕೊನೆಯದು ಉಳಿದ ಹನ್ನೊಂದನ್ನು ಸರಿನೋಡುವ ಅಂಕಿ, ಬಾಯಿಗೆ ಬಂದ ಸಂಖ್ಯೆ ಹೇಳಿದರೆ ಹತ್ತಕ್ಕೆ ಒಂಬತ್ತು ಸಲ ಅಲ್ಲೇ ತಿರಸ್ಕಾರ. ಕಾಲಯಾತ್ರಿಗೆ ಇದರ ಕಷ್ಟ ಹೊಕ್ಕುವಾಗ ಇಲ್ಲ, ಮತ್ತೆ ಬರುವಾಗ ಇದೆ. ಈ ಬಾರಿ ಶಿವಣ್ಣನಾಗಿ ಬಂದವನು ಇಪ್ಪತ್ತು ವರ್ಷದ ನಂತರ ಅದೇ ಬೆರಳಿನಲ್ಲಿ ರಾಜುವಾಗಲು ಸಾಧ್ಯವಿಲ್ಲ. ವೇಷ ತಾತ್ಕಾಲಿಕ, ಅಚ್ಚು ಶಾಶ್ವತ. ದುಡ್ಡಿಗೂ ತಾರೀಕಿದೆ. 2005ರಿಂದೀಚೆಗಿನ ನೋಟಿನ ಹಿಂದೆ ಮುದ್ರಣದ ವರ್ಷವಿರುತ್ತದೆ. 1957ರ ಏಪ್ರಿಲ್‌ಗೆ ಮುಂಚಿನ ಸಂತೆಗೆ ಹೋದವನು ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಎಂದು ಮನಸ್ಸಿನಲ್ಲೇ ಚಿಲ್ಲರೆ ಲೆಕ್ಕ ಮಾಡಬೇಕು. ನೂರಕ್ಕೆ ಒಗ್ಗಿದ ತಲೆ ಒಂದು ಕ್ಷಣ ತಡೆಯುತ್ತದೆ, ಸಂತೆಯವನು ಆ ತಡೆಯನ್ನು ಗಮನಿಸುತ್ತಾನೆ.

ಬನ್ನಿಮರದ ಮೇಲಿನ ಗಂಟು

ಪಾಂಡವರು ವಿರಾಟನಗರಕ್ಕೆ ಕಾಲಿಡುವ ಮುಂಚೆ ಮಾಡಿದ ಮೊದಲ ಕೆಲಸ ಆಯುಧಗಳನ್ನು ಊರಾಚೆಯ ಬನ್ನಿಮರದ ಮೇಲೆ ಕಟ್ಟಿದ್ದು. ವ್ಯಾಸಭಾರತದಲ್ಲಿ ಅದರ ವಿವರ ಬಲು ಖಚಿತ. ಮರ ಸ್ಮಶಾನದ ಹತ್ತಿರ ಇರಬೇಕು, ಹತ್ತಲು ಕಷ್ಟವಾಗಿರಬೇಕು, ಮಳೆ ತಾಕದ ಜಾಗದಲ್ಲಿ ಬಿಲ್ಲುಗಳನ್ನು ಬಿಗಿಯಬೇಕು. ಆಮೇಲೆ ಒಂದು ಹೆಣವನ್ನೂ ಕಟ್ಟುತ್ತಾರೆ, ನಾತಕ್ಕೆ ಯಾರೂ ಹತ್ತಿರ ಸುಳಿಯಬಾರದೆಂದು. ದನ ಕಾಯುವವರು ಕೇಳಿದರೆ ಇದು ನಮ್ಮ ನೂರೆಂಬತ್ತು ವರ್ಷದ ತಾಯಿ, ನಮ್ಮ ಕುಲದ ಪದ್ಧತಿ ಇದು ಅನ್ನುತ್ತಾರೆ. ಇದರ ಮೇಲೆ ತಮ್ಮ ನಡುವೆ ಮಾತ್ರ ಬಳಸಲು ಇನ್ನೂ ಐದು ಗುಟ್ಟಿನ ಹೆಸರು ಇಟ್ಟುಕೊಳ್ಳುತ್ತಾರೆ: ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ. ಲೋಕಕ್ಕೆ ಕಂಕ, ವಲಲ, ಬೃಹನ್ನಳೆ. ಅಪಾಯ ಬಂದಾಗ ಕೂಗಲು ಮೂರನೆಯದೊಂದು ಹೆಸರು. ಯಾವ ಗೂಢಚಾರ ಕಥೆಯೂ ಇದಕ್ಕಿಂತ ಅಚ್ಚುಕಟ್ಟಾಗಿ ಯೋಜನೆ ಹಾಕಿದ್ದನ್ನು ನಾನು ನೋಡಿಲ್ಲ.

ಡಾಕ್ಟರನ ಜೇಬುಗಡಿಯಾರವೂ ಇದೇ ಕೆಲಸ ಮಾಡುತ್ತದೆ. ಹೆಣದ ನಾತದ ಬದಲು ಅದಕ್ಕೆ ನೋಡುವವರ ಗಮನ ಜಾರಿಸುವ ಗುಣವಿದೆ. ಜಾನ್ ಸ್ಮಿತ್‌ನ ಕಣ್ಣೆದುರೇ ಇದ್ದರೂ ಅವನಿಗೆ ಅದು ಮುರಿದ ಹಳೇ ಸಾಮಾನು. ಯೋಜನೆ ಕೆಡುವುದು ಅಲ್ಲೇ. ತನ್ನ ಗಂಟು ಅದೆಂದು ಗೊತ್ತಿಲ್ಲದವನು ಅದನ್ನು ಕಾಯುವುದಿಲ್ಲ. ಶಾಲೆಯ ಹುಡುಗನೊಬ್ಬ ಅದನ್ನು ಎತ್ತಿಕೊಂಡು ಹೋಗುತ್ತಾನೆ. ಪಾಂಡವರಿಗೆ ಮರ ಎಲ್ಲಿದೆ ಎಂದು ಒಂದು ಗಳಿಗೆಯೂ ಮರೆಯಲಿಲ್ಲ. ಹೊತ್ತು ಬಂದಾಗ ಉತ್ತರನನ್ನು ಅದೇ ಮರ ಹತ್ತಿಸಲು ಅರ್ಜುನನಿಗೆ ಸಾಧ್ಯವಾಯಿತು. ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ವಿಜಯದಶಮಿಯ ಜಂಬೂಸವಾರಿ ಅರಮನೆಯಿಂದ ಹೊರಟು ಹೋಗಿ ನಿಲ್ಲುವುದು ಬನ್ನಿಮಂಟಪದಲ್ಲಿ. ಅಡಗಿಸಿಟ್ಟ ಗುರುತನ್ನು ಮರಳಿ ಪಡೆದ ಮರಕ್ಕೆ ಇಷ್ಟು ದೊಡ್ಡ ಮೆರವಣಿಗೆ ಕಳಿಸುವ ಊರು ಇದು. ಇಲ್ಲಿನ ಕಾಲಯಾತ್ರಿ ತನ್ನ ಗಂಟನ್ನು ಎಲ್ಲಿಟ್ಟ ಎಂಬ ಪ್ರಶ್ನೆಗೆ ಕಥೆಗಾರ ಗಡಿಯಾರವನ್ನೇ ಎರವಲು ತರಬೇಕಿಲ್ಲ.

ಒಂದು ವ್ಯತ್ಯಾಸ ಮಾತ್ರ ಚೆನ್ನಾಗಿ ನೆನಪಿಡಬೇಕು. ನೆನಪು ಉಳಿಸಿಕೊಂಡ ವೇಷ ವೇಷವೇ. ನೆನಪು ಕಳಚಿಟ್ಟ ವೇಷ ಹಾಗಲ್ಲ, ಅಲ್ಲಿ ಹೊಸ ಮನುಷ್ಯನೊಬ್ಬ ಹುಟ್ಟಿರುತ್ತಾನೆ. ಅವನಿಗೆ ಅವನದೇ ಭಯ, ಪ್ರೀತಿ, ಬದುಕುವ ಆಸೆ. ಗಡಿಯಾರದ ಮುಚ್ಚಳ ತೆರೆದರೆ ಅವನು ಸಾಯುತ್ತಾನೆ. ಹೀಗೆ ಬರೆದ ಮೇಲೆ ಅದನ್ನು ಸಾವು ಎಂದೇ ಕರೆಯಬೇಕು, ಬರೀ ನಾಯಕ ಮರಳಿದ ಎಂದು ಹಬ್ಬ ಮಾಡಿ ಮುಗಿಸಬಾರದು.

ಭಾರ ಬಿದ್ದದ್ದು ಯಾರ ಮೇಲೆ

ಎರಡೂ ಕಥೆಗಳಲ್ಲಿ ವೇಷದ ಖರ್ಚು ತೆತ್ತದ್ದು ಜೊತೆಗಿದ್ದ ಹೆಂಗಸು. ಡಾಕ್ಟರನ ಜೊತೆಗಾತಿ ಮಾರ್ಥಾ ವೈದ್ಯಕೀಯ ಓದುತ್ತಿದ್ದವಳು, ಕಪ್ಪು ಹುಡುಗಿ. 1913ರ ಶಾಲೆಯಲ್ಲಿ ಆಕೆಗೆ ಸಿಕ್ಕಿದ್ದು ಕೆಲಸದವಳ ವೇಷ. ಮಂಡಿಯೂರಿ ನೆಲ ಉಜ್ಜುತ್ತಾಳೆ, ಹುಡುಗರು ಅವಳ ಮೈಬಣ್ಣವನ್ನು ಹಂಗಿಸುತ್ತಾರೆ. ಎಲ್ಲ ನೆನಪೂ ಇರುವವಳು ಅವಳು, ಮರೆವಿನ ಸುಖ ಅವನಿಗೆ. ಹೊರಡುವ ಮುಂಚೆ ಡಾಕ್ಟರ್ ಸೂಚನೆಗಳ ಪಟ್ಟಿಯನ್ನೇ ಬಿಟ್ಟಿದ್ದ, ಆದರೆ ಮನುಷ್ಯನಾದ ತಾನು ಪ್ರೀತಿಯಲ್ಲಿ ಬಿದ್ದರೆ ಏನು ಮಾಡಬೇಕೆಂದು ಆ ಪಟ್ಟಿಯಲ್ಲಿ ಇರಲಿಲ್ಲ. ಇತ್ತ ಸೈರಂಧ್ರಿಯ ವೇಷದಲ್ಲಿದ್ದ ದ್ರೌಪದಿಯನ್ನು ಕೀಚಕ ತುಂಬಿದ ಸಭೆಯಲ್ಲಿ ಒದ್ದಾಗ ಕಂಕನಾಗಿ ಕೂತ ಧರ್ಮರಾಯ ವೇಷ ಉಳಿಸಿಕೊಳ್ಳಲು ಅವಳನ್ನೇ ಒಳಗೆ ಹೋಗೆನ್ನುತ್ತಾನೆ. ವಲಲನಾಗಿದ್ದ ಭೀಮ ಮಾತ್ರ ಮರುದಿನ ರಾತ್ರಿ ನಾಟ್ಯಶಾಲೆಯಲ್ಲಿ ಲೆಕ್ಕ ಚುಕ್ತಾ ಮಾಡಿದ.

ಇದನ್ನು 1913ರ ಮೈಸೂರಿಗೆ ತನ್ನಿ. ವಿಶ್ವೇಶ್ವರಯ್ಯ ದಿವಾನರಾದ ಮರುವರ್ಷ, ಮೈಸೂರು ಬ್ಯಾಂಕು ಹುಟ್ಟಿದ ವರ್ಷ, ವಿಶ್ವವಿದ್ಯಾನಿಲಯಕ್ಕೆ ಇನ್ನೂ ಮೂರು ವರ್ಷ. ಮೇಷ್ಟ್ರಾಗಿ ಬರುವ ಕಾಲಯಾತ್ರಿಗೆ ಅಗ್ರಹಾರದಲ್ಲಿ ಮನೆ ಸಿಗಬೇಕಾದರೆ ನೌಕೆ ಅವನಿಗೆ ಗೋತ್ರ, ಸೂತ್ರ ಎಲ್ಲ ಕೊಟ್ಟಿರಬೇಕು. ಜೊತೆಗೆ ಬಂದವಳಿಗೆ ಏನು ಕೊಟ್ಟಿದೆ? ಅವಳು ಯಾವ ಬಾವಿಯಿಂದ ನೀರು ಸೇದಬಹುದು, ಅವನ ಮನೆಯ ಹೊಸ್ತಿಲು ದಾಟಬಹುದೇ, ಸಂಜೆ ಒಬ್ಬಳೇ ಅವನ ಕೋಣೆಗೆ ಹೋಗಿ ಗಂಟು ಜೋಪಾನವಾಗಿದೆಯೇ ಎಂದು ನೋಡಿ ಬರುವುದು ಹೇಗೆ? ಕಾವಲುಗಾರ್ತಿಗೆ ಕಾವಲಿನ ವಸ್ತುವಿನ ಹತ್ತಿರ ಹೋಗಲಾಗದಂಥ ವ್ಯವಸ್ಥೆ ನಮ್ಮದಾಗಿತ್ತು. ಯೋಜನೆ ಮುರಿಯಲು ಬೇರೆ ಖಳನಾಯಕನೇ ಬೇಕಿಲ್ಲ, ಒಂದು ಹೊಸ್ತಿಲು ಸಾಕು.

ಗಡುವು ಎಂದು ಮುಗಿಯಿತು

ಅಜ್ಞಾತವಾಸ ಮುಗಿಯಿತೇ ಇಲ್ಲವೇ ಎಂಬ ಜಗಳ ಯುದ್ಧರಂಗದಲ್ಲೇ ನಡೆಯುತ್ತದೆ. ದುರ್ಯೋಧನನ ಪ್ರಕಾರ ಹದಿಮೂರನೇ ವರ್ಷ ಇನ್ನೂ ಬಾಕಿ. ಭೀಷ್ಮ ಲೆಕ್ಕ ಬಿಡಿಸುತ್ತಾನೆ: ಐದೈದು ವರ್ಷಕ್ಕೆ ಎರಡು ಅಧಿಕಮಾಸ, ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚೇ ಆಗಿದೆ. ಕಾಲಯಾತ್ರಿಯ ಕಥೆಗೆ ಇದಕ್ಕಿಂತ ಒಳ್ಳೆಯ ತಿರುವು ಇಲ್ಲ. ಮೂರು ತಿಂಗಳು ಅಡಗಿರಬೇಕು ಅಂದರೆ ಯಾರ ತಿಂಗಳು? ಚಾಂದ್ರಮಾನದ ಮೂರು ತಿಂಗಳು ಎಂಬತ್ತೆಂಟೂವರೆ ದಿನ, ಗೋಡೆ ಕ್ಯಾಲೆಂಡರಿನದು ಎಂಬತ್ತೊಂಬತ್ತರಿಂದ ತೊಂಬತ್ತೆರಡು. ಪಂಚಾಂಗ ನೋಡಿ ದಿನ ಎಣಿಸಿದ ಜೊತೆಗಾತಿ ಎರಡು ಮೂರು ದಿನ ಮುಂಚೆಯೇ ಗಂಟು ಬಿಚ್ಚಿಬಿಡುತ್ತಾಳೆ. ಬೇಟೆಗಾರ ಇನ್ನೂ ಬದುಕಿರುತ್ತಾನೆ.

ಹೋದ ಮೇಲೆ

ಗುಟ್ಟು ರಟ್ಟಾದ ಮೇಲೆ ವಿರಾಟ ತನ್ನ ಮಗಳು ಉತ್ತರೆಯನ್ನು ಅರ್ಜುನನಿಗೆ ಕೊಡಲು ಮುಂದಾಗುತ್ತಾನೆ. ಅರ್ಜುನ ಒಪ್ಪುವುದಿಲ್ಲ. ಒಂದು ವರ್ಷ ಅಂತಃಪುರದಲ್ಲಿ ಆಕೆಗೆ ನಾಟ್ಯ ಕಲಿಸಿದ್ದೇನೆ, ಆಕೆ ನನ್ನನ್ನು ತಂದೆಯಂತೆ ಕಂಡಿದ್ದಾಳೆ, ಸೊಸೆಯಾಗಿ ತಂದುಕೊಳ್ಳುತ್ತೇನೆ ಎಂದು ಅಭಿಮನ್ಯುವಿಗೆ ಕೇಳುತ್ತಾನೆ. ಬೃಹನ್ನಳೆ ಇಲ್ಲವಾದ ಮೇಲೂ ಬೃಹನ್ನಳೆಯ ಮೇಲೆ ಹುಡುಗಿ ಇಟ್ಟ ನಂಬಿಕೆಯನ್ನು ಅರ್ಜುನ ಕಾಪಾಡಿದ. ಡಾಕ್ಟರ್ ಮರಳಿದ ಮೇಲೆ ಜೋನ್‌ಳನ್ನು ತನ್ನ ಜೊತೆ ಪ್ರಯಾಣಕ್ಕೆ ಕರೆಯುತ್ತಾನೆ. ಆಕೆ ನಿರಾಕರಿಸುತ್ತಾಳೆ. ನೀನು ಸುಮ್ಮನೆ ಮನಸ್ಸಿಗೆ ಬಂತೆಂದು ಈ ಊರನ್ನು ಆರಿಸಿಕೊಳ್ಳದಿದ್ದರೆ ಇಲ್ಲಿ ಯಾರಾದರೂ ಸಾಯುತ್ತಿದ್ದರೇ ಎಂದು ಕೇಳುತ್ತಾಳೆ. ಅವನು ಸುಮ್ಮನಿರುತ್ತಾನೆ. ಆಕೆಗೆ ಬೇಕಾ‌ಗಿದ್ದವನು ಜಾನ್ ಸ್ಮಿತ್, ಅವನ ಮುಖ ಹೊತ್ತ ಇನ್ನೊಬ್ಬನಲ್ಲ. ಈ ಎರಡು ಮುಗಿತಾಯಗಳಲ್ಲಿ ನನಗೆ ಅರ್ಜುನನದು ದೊಡ್ಡದಾಗಿ ಕಾಣುತ್ತದೆ, ಜೋನ್‌ಳ ಪ್ರಶ್ನೆ ಹೆಚ್ಚು ನಿಜವಾಗಿ ಕೇಳುತ್ತದೆ.

ಒಂದು ಬೆಳಗ್ಗೆ ಆತ ಊರಲ್ಲಿರಲಿಲ್ಲ ಎಂದು ಬರೆದು ಮುಗಿಸುವ ಅಭ್ಯಾಸ ಬಿಡಬೇಕು. ಕಣ್ಮರೆಯಾದವನ ಸುದ್ದಿ ಏಳು ವರ್ಷ ಬಾರದಿದ್ದರಷ್ಟೇ ನಮ್ಮ ಸಾಕ್ಷ್ಯ ಕಾನೂನು ಆತ ಸತ್ತನೆಂದು ಭಾವಿಸಲು ಒಪ್ಪುತ್ತದೆ. ಮೂರು ತಿಂಗಳ ಮನುಷ್ಯ ಇಲ್ಲಿ ಮದುವೆಯಾಗಿದ್ದರೆ ಏಳು ವರ್ಷ ಅವಳು ಕಾಗದದ ಮೇಲಷ್ಟೇ ಹೆಂಡತಿ, ವಿಧವೆಯ ಹಕ್ಕೂ ಇಲ್ಲ. ಖಾತೆ ಬದಲಾಗುವುದಿಲ್ಲ. ಕಾಯುವವರು ಕಾಯುತ್ತಾರೆ, ಆಡುವವರು ಆಡಿಕೊಳ್ಳುತ್ತಾರೆ. ಜೊತೆಗಾತಿ ಹೊರಡುವ ಮುಂಚೆ ಆತ ಸತ್ತ ಎಂಬುದನ್ನು ನಾಲ್ಕು ಜನರ ಮುಂದೆ ಹೇಳಿ ಹೋಗುವುದೇ ಮೇಲು. ಅದು ಸುಳ್ಳೂ ಅಲ್ಲ.

ಇನ್ನು ಮುಯ್ಯಿ. ಮಂಡ್ಯ ಕಡೆಯ ಮದುವೆ ಮನೆಯಲ್ಲಿ ಚಪ್ಪರದ ಕೆಳಗೆ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಕೊಟ್ಟವರ ಊರು, ಹೆಸರು, ಮೊತ್ತ ಒಂದೊಂದು ಸಾಲು. ಆ ಪುಸ್ತಕ ಪೆಟ್ಟಿಗೆ ಸೇರುತ್ತದೆ, ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಆಚೆ ಬರುತ್ತದೆ. ಬಂದದ್ದಕ್ಕೆ ತುಸು ಸೇರಿಸಿ ಹಿಂದಿರುಗಿಸಬೇಕು. ಕಾಲಯಾತ್ರಿ ಇಲ್ಲಿ ಮದುವೆಯಾದಾಗ ಅರವತ್ತು ಮನೆಯವರು ಮುಯ್ಯಿ ಬರೆಸಿದ್ದರೆ ಅರವತ್ತು ಮನೆಯ ಮುಂದಿನ ಮದುವೆಗಳವರೆಗೆ ಅವನ ಸಾಲ ನಡೆಯುತ್ತದೆ. ಅದನ್ನು ತೀರಿಸಬಲ್ಲವನು ಅವನೇ, ಕಾಲಯಂತ್ರ ಇರುವುದು ಅವನ ಕೈಯಲ್ಲಿ. ಅರವತ್ತು ಮುಹೂರ್ತಕ್ಕೂ ಸಮಯಕ್ಕೆ ಸರಿಯಾಗಿ ಹೋಗಬಹುದು. ಆಯಾ ವರ್ಷ ಚಲಾವಣೆಯಲ್ಲಿರುವ ದುಡ್ಡನ್ನೇ ಒಯ್ಯಬೇಕು, ಚಪ್ಪರದ ಹೊರಗೇ ನಿಂತು ಯಾರ ಕೈಯಲ್ಲಾದರೂ ಕಳಿಸಬೇಕು, ಯಾಕೆಂದರೆ ಅವನ ಮುಖ ನೋಡಿದವರು ಒಳಗಿರುತ್ತಾರೆ. ಪುಸ್ತಕ ಹಿಡಿದವರು ಯಾರ ಹೆಸರಿಗೆ ಎಂದು ಕೇಳಿದಾಗ ಸತ್ತ ಆ ಮೂರು ತಿಂಗಳ ಮನುಷ್ಯನ ಹೆಸರನ್ನೇ, ಅವನ ಹೆಂಡತಿಯ ಊರಿನ ಸಮೇತ ಬರೆಸಬೇಕು. ಲೆಕ್ಕ ಅವಳ ಮನೆಗೆ ಜಮೆಯಾಗುತ್ತದೆ.